ಕುಡ್ಲೆ ಬಂಡೆಯ ನೆತ್ತಿಗೆ ಹೋಗುವುದಾದರೆ ಬೆಳಿಗ್ಗೆ ಹೋಗಿ

ಗೋಕರ್ಣದ ರಾಮತೀರ್ಥದ ಕಡೆಯಿಂದ ಕುಡ್ಲೆ ಕಡಲತೀರಕ್ಕೆ ಸಾಗುವ ಗುಡ್ಡದ ನೆತ್ತಿಯಿಂದ ಸಮುದ್ರ ನೋಡಬೇಕೆಂದರೆ ಸಂಜೆಯ ಬದಲು ಬೆಳಿಗ್ಗೆ ಏಳರಿಂದ ಒಂಬತ್ತರ ಒಳಗೆ ಹೋಗಿ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಆ ಹೊತ್ತಿನಲ್ಲಿ ಸೂರ್ಯ ಬೆನ್ನಿಗಿರುತ್ತಾನೆ, ನೀರಿನ ಬಣ್ಣ ಕಣ್ಣು ಕುಕ್ಕದೆ ಕಾಣುತ್ತದೆ. ಕಡಲ ಗಾಳಿ ಇನ್ನೂ ಎದ್ದಿರುವುದಿಲ್ಲ, ಆದ್ದರಿಂದ ನೀರು ಶಾಂತವಾಗಿದ್ದು ಡಾಲ್ಫಿನ್ ಬಂದರೆ ಬೆನ್ನಿನ ರೆಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ. ಜಂಬಿಟ್ಟಿಗೆ ಕಲ್ಲೂ ಕಾದಿರುವುದಿಲ್ಲ. ಮಕ್ಕಳನ್ನು, ಹಿರಿಯರನ್ನು ಕರೆದೊಯ್ಯುವವರಿಗೆ ಇದೇ ದೊಡ್ಡ ಅನುಕೂಲ. ಚಳಿಗಾಲದಲ್ಲಿ ಮಂಜು ಕವಿದ ದಿನ ಮಾತ್ರ ಏನೂ ಕಾಣದು, ತುಸು ತಡವಾಗಿ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಯವಿಟ್ಟು ಹೋಗಲೇಬೇಡಿ: ಪಾಚಿ ಕಟ್ಟಿದ ಆ ಕಲ್ಲಿನ ಮೇಲೆ ಯಾವ ಚಪ್ಪಲಿಯೂ ನಿಲ್ಲುವುದಿಲ್ಲ. ಸೂರ್ಯಾಸ್ತವೇ ಬೇಕೆನ್ನುವವರು ಟಾರ್ಚ್ ಒಯ್ಯಿರಿ, ಇಲ್ಲಿ ಕತ್ತಲು ಬೇಗ ಇಳಿಯುತ್ತದೆ.