ಎಸ್‌ಆರ್‌ಎ ಮನೆಗೆ ಕಾಗದಪತ್ರ ಹೊಂದಿಸಿಕೊಳ್ಳುವ ಬಗೆ

ಮುಂಬಯಿಯ ಝೋಪಡಪಟ್ಟಿಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಪಕ್ಕಾ ಮನೆಯ ಮುಖ್ಯ ದಾರಿಯೆಂದರೆ 1995ರಲ್ಲಿ ಸ್ಥಾಪನೆಯಾದ ಝೋಪಡಪಟ್ಟಿ ಪುನರ್ವಸತಿ ಪ್ರಾಧಿಕಾರದ, ಅಂದರೆ ಎಸ್‌ಆರ್‌ಎಯ ಯೋಜನೆ. 2000ದ ಜನವರಿ 1ಕ್ಕೆ ಮೊದಲಿನ ವಾಸವನ್ನು ತೋರಿಸಬಲ್ಲವರಿಗೆ 300 ಚದರಡಿಯ ಮನೆ ಉಚಿತವಾಗಿ ಸಿಗುತ್ತದೆ; ಅಲ್ಲಿಂದ 2011ರ ಜನವರಿ 1ರವರೆಗಿನವರು ಎರಡೂವರೆ ಲಕ್ಷ ರೂಪಾಯಿ ಕಟ್ಟಬೇಕಾಗುತ್ತದೆ. ಎಷ್ಟು ವರ್ಷ ದುಡಿದಿದ್ದೀರಿ ಎಂಬುದನ್ನು ಯಾರೂ ಕೇಳುವುದಿಲ್ಲ, ಕಾಗದವನ್ನಷ್ಟೇ ಕೇಳುತ್ತಾರೆ.

ಮೊದಲು ಹಳೆಯ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಹುಡುಕಿಸಿ, ಅದರ ದೃಢೀಕೃತ ಪ್ರತಿಯನ್ನು ಪಡೆಯಿರಿ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರಲ್ಲಿ ಅನೇಕರು ಹೆಸರನ್ನು ಊರಲ್ಲೇ ಉಳಿಸಿಕೊಂಡು, ಚುನಾವಣೆ ಬಂದಾಗ ರೈಲು ಹತ್ತುತ್ತಾರೆ. ಊರಿನ ಮೇಲಿನ ಆ ಮಮತೆ ಇಲ್ಲಿ ಮನೆ ಕೇಳುವಾಗ ಅಡ್ಡ ಬರುತ್ತದೆ. ಅಂಥವರು ಆ ಕಾಲದ ಲೈಟ್ ಬಿಲ್ಲು, ಫೋಟೋಪಾಸ್ (ಝೋಪಡಿವಾಸಿಗಳಿಗೆ ಸರಕಾರ ಕೊಟ್ಟ ಗುರುತಿನ ಚೀಟಿ), ಅಂಗಡಿಯಿದ್ದರೆ ಗುಮಾಸ್ತಾ ಲೈಸೆನ್ಸುಗಳನ್ನು ಒಟ್ಟುಗೂಡಿಸಬೇಕು.

ಹೆಚ್ಚಿನ ತೊಡಕು ಇರುವುದು ಹೆಸರಿನಲ್ಲಿ. ಕನ್ನಡ ಶಾಲೆಯ ದಾಖಲೆಯಲ್ಲಿ ‘ಹಣಮಂತ’ ಎಂದಿದ್ದದ್ದು ರೇಷನ್ ಕಾರ್ಡಿನಲ್ಲಿ ‘ಹನುಮಂತಾ’ ಆಗಿ, ಲೈಟ್ ಬಿಲ್ಲಿನಲ್ಲಿ ‘ಹನ್ಮಂತು’ ಆಗಿರುತ್ತದೆ. ಮರಾಠಿ ಅರ್ಜಿ ಮೊದಲು ಅಡ್ಡಹೆಸರನ್ನು ಕೇಳುವುದರಿಂದ ನಮ್ಮವರು ಒಮ್ಮೆ ಊರಿನ ಹೆಸರನ್ನೂ ಇನ್ನೊಮ್ಮೆ ತಂದೆಯ ಹೆಸರನ್ನೂ ಬರೆಸಿರುತ್ತಾರೆ. ಹೆಣ್ಣುಮಕ್ಕಳ ದಾಖಲೆಗಳಲ್ಲಿ ತವರಿನ ಹೆಸರೂ ಸೇರಿಕೊಂಡಿರುತ್ತದೆ. ಎಲ್ಲ ಕಾಗದಗಳನ್ನೂ ನೆಲದ ಮೇಲೆ ಸಾಲಾಗಿ ಹರಡಿ, ಒಂದೊಂದೇ ಅಕ್ಷರವನ್ನು ಹೋಲಿಸಿ ನೋಡಿ. ತಿದ್ದಿಸಲು ಸಾಧ್ಯವಿರುವುದನ್ನು ಆಧಾರ್ ಕಾರ್ಡಿನಲ್ಲಿರುವಂತೆ ತಿದ್ದಿಸಿ, ಸಾಧ್ಯವಿಲ್ಲದ ಹಳೆಯ ದಾಖಲೆಗಳಿಗೆ, ಇವೆಲ್ಲ ಒಬ್ಬರದೇ ಹೆಸರು ಎಂಬ ಪ್ರತಿಜ್ಞಾಪತ್ರವನ್ನು ಮಾಡಿಸಿಡಿ. ಈ ಕೆಲಸವನ್ನು, ಯಾರು ಯಾವ ಮನೆಯಲ್ಲಿದ್ದಾರೆಂದು ನೋಡುವ ಸರ್ವೇಯ ನೋಟೀಸು ಬರುವ ಮುನ್ನವೇ ಮುಗಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಸರ್ವೇ ದಿನ ಖೋಲಿಗೆ, ಅಂದರೆ ನೀವಿರುವ ಮನೆಗೆ ಬೀಗ ಬಿದ್ದಿರಬಾರದು. ಜಾತ್ರೆಗೋ ರಾಶಿಗೋ ಊರಿಗೆ ಹೋಗುವುದಿದ್ದರೂ ಮನೆಯ ಒಬ್ಬರಾದರೂ ಉಳಿಯಲೇಬೇಕು. ಆಮೇಲೆ ಹೊರಬೀಳುವ ಪರಿಶಿಷ್ಟ-2 ಎಂಬ ಅರ್ಹತಾ ಪಟ್ಟಿಯಲ್ಲಿ ಪಾತ್ರ (ಅರ್ಹ), ಅಪಾತ್ರ (ಅನರ್ಹ) ಎಂದು ನಮೂದಿಸಿರುತ್ತಾರೆ. ಅಪಾತ್ರ ಎಂದಿದ್ದರೆ ಕಾರಣವನ್ನು ಲಿಖಿತವಾಗಿ ಪಡೆದು, ಅವಧಿ ಮೀರದಂತೆ ಮೇಲ್ಮನವಿ ಸಲ್ಲಿಸಿ, ಸ್ವೀಕೃತಿಯ ಮುದ್ರೆಯಿರುವ ಪ್ರತಿಯನ್ನು ಕಾಪಾಡಿಕೊಳ್ಳಿ.

ಯೋಜನೆಗೆ ಶೇ. 51ರಷ್ಟು ನಿವಾಸಿಗಳ ಒಪ್ಪಿಗೆ ಬೇಕು. ನಿಮ್ಮ ಸಹಿಗೆ ಬೆಲೆಯಿರುವುದು ಆಗಲೇ ಆದ್ದರಿಂದ, ಮರಾಠಿ ಓದಬಲ್ಲ ಮಕ್ಕಳಿಂದ ಒಪ್ಪಿಗೆಪತ್ರವನ್ನು ಪೂರ್ತಿ ಓದಿಸಿ ಕೇಳದೆ ಹೆಬ್ಬೆಟ್ಟೊತ್ತಬೇಡಿ. ಹೊಸ ಕಟ್ಟಡ ಏಳುವವರೆಗೆ ಬೇರೆಡೆ ಇರಲು ಬಿಲ್ಡರ್ ಕೊಡುವ ಬಾಡಿಗೆಯ ಮೊತ್ತವೂ ಅವಧಿಯೂ ನಮೂದಾಗಿರುವ ಕರಾರು ಕೈಸೇರುವವರೆಗೆ ಖೋಲಿಯನ್ನು ತೆರವು ಮಾಡಬೇಡಿ.

ಇನ್ನೊಂದು ಮಾತನ್ನು ಸೊಸೈಟಿಯ, ಅಂದರೆ ನಿವಾಸಿಗಳ ಸಂಘದ ಸಭೆಯಲ್ಲಿ ಎತ್ತಬೇಕು. ಖೋಲಿಯ ಬಾಗಿಲಲ್ಲೇ ಜೋಳದ ರೊಟ್ಟಿ ತಟ್ಟಿ ಮಾರುವ, ಬಟ್ಟೆ ಹೊಲಿಯುವ ಹೆಂಗಸರ ದುಡಿಮೆ, ಮನೆ ಮಹಡಿಗೇರಿದೊಡನೆ ಗಿರಾಕಿಯಿಲ್ಲದೆ ನಿಂತುಹೋಗುತ್ತದೆ. ಪುನರ್ವಸತಿ ಕಟ್ಟಡದಲ್ಲಿ ಬಾಲವಾಡಿ, ವಾಚನಾಲಯಗಳಂತೆ ಕೌಶಲ್ಯ ಕೇಂದ್ರಕ್ಕೂ ಮಹಿಳಾ ಉದ್ಯಮ ಕೇಂದ್ರಕ್ಕೂ ನಿಯಮದಲ್ಲಿ ಅವಕಾಶವಿದೆ. ನಕಾಶೆ ಮಂಜೂರಾಗುವ ಮುನ್ನವೇ ಆ ಬೇಡಿಕೆಯನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನು ಕೇಳಿ ಪಡೆಯಿರಿ.