ಕುಶಾಲನಗರದ ಪ್ಲಾನಿಂಗಿಗೆ ವಿದ್ಯಾರ್ಥಿಗಳು ಹೀಗೆ ಕೈಜೋಡಿಸಬಹುದು
ಕುಶಾಲನಗರ ಬೆಳೆಯುತ್ತಿದೆ. ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಪ್ರಾಜೆಕ್ಟಿಗೆ ದೂರದ ವಿಷಯ ಯಾಕೆ ಹುಡುಕಬೇಕು, ಅಲ್ವಾ?

ನೀರಿನಿಂದ ಶುರು ಮಾಡಿ. 2018 ಮತ್ತು 2019ರಲ್ಲಿ ಕಾವೇರಿ ಉಕ್ಕಿ ಬಡಾವಣೆಗಳಿಗೆ ನುಗ್ಗಿದ್ದು ಜನರಿಗೆ ಚೆನ್ನಾಗಿ ನೆನಪಿದೆ. ಮನೆಮನೆಗೆ ಹೋಗಿ, ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ, ಗೋಡೆಯ ಗುರುತನ್ನು ಟೇಪು ಹಿಡಿದು ಅಳೆದು, ಫೋಟೋ ತೆಗೆದು, ಮೊಬೈಲಿನ ಜಿಪಿಎಸ್‌ನಲ್ಲಿ ಜಾಗ ದಾಖಲಿಸಿ. ಹಿರಿಯರನ್ನು ಮಾತಾಡಿಸದೆ ಬರಬೇಡಿ. ಮುಚ್ಚಿಹೋದ ತೋಡು, ಕೆರೆ ಎಲ್ಲಿತ್ತು ಅಂತ ಅವರಿಗೇ ಗೊತ್ತಿರುವುದು. ಆಮೇಲೆ ಎಲ್ಲವನ್ನೂ ಕ್ಯೂಜಿಐಎಸ್‌ಗೆ ಹಾಕಿ (ಇದು ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್), ಹಳೆಯ ಕಂದಾಯ ನಕ್ಷೆ ಮತ್ತು ಇಸ್ರೋದ ಭುವನ್ ತಾಣದ ಉಪಗ್ರಹ ಚಿತ್ರಗಳ ಜೊತೆ ಹೋಲಿಸಿ. ಮನೆ ಎಲ್ಲಿ ಕಟ್ಟಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಕಾಣುವುದಿಲ್ಲ.

ಕಸ, ವಾಹನಗಳ ಲೆಕ್ಕವನ್ನು ವಾರಾಂತ್ಯದಲ್ಲೂ ಮಾಡಿ, ಮಾಮೂಲಿ ದಿನವೂ ಮಾಡಿ. ಪ್ರವಾಸಿಗರು ಬಂದಾಗ ಲೆಕ್ಕವೇ ಬೇರೆ.

ಊರು ಹೇಗೆ ಬೆಳೆಯಬೇಕು ಅನ್ನುವ ಮಾಸ್ಟರ್ ಪ್ಲಾನ್ ಕರಡು ಬಂದಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ಗಡುವಿನೊಳಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ದಪ್ಪ ವರದಿ ಸುಮ್ನೆ ಮೂಲೆ ಸೇರುತ್ತದೆ. ಕನ್ನಡದಲ್ಲಿ ಎರಡು ಪುಟ, ಒಂದು ನಕ್ಷೆ ಸಾಕು. ಸರ್ವೆಗೆ ಉತ್ತರ ಕೊಟ್ಟ ಮನೆಗಳಿಗೂ ಒಂದೊಂದು ಪ್ರತಿ ತಲುಪಿಸಿ.