ಎಂಜಿನ್ ಬಿಟ್ಟು ಬೋಗಿ ಹಿಡಿದ ಅನುಭವ

ಪಾರಂಪರಿಕ ರೈಲಿನಲ್ಲಿ ಸ್ವಯಂಸೇವೆ ಮಾಡುತ್ತೇವೆಂದು ಬರುವವರಲ್ಲಿ ಬಹುತೇಕರ ಕಣ್ಣು ಉಗಿ ಎಂಜಿನ್ನಿನ ಮೇಲಿರುತ್ತದೆ. ಕಲ್ಲಿದ್ದಲು ಎಸೆಯಬೇಕು, ಸಿಳ್ಳೆ ಹಾಕಬೇಕು, ಮುಖಕ್ಕೆ ಮಸಿ ಮೆತ್ತಿಕೊಂಡು ಫೋಟೊ ತೆಗೆಸಿಕೊಳ್ಳಬೇಕು. ನಾನೂ ಅದೇ ಆಸೆಯಿಂದ ಬ್ರಿಟನ್ನಿನ ಒಂದು ಸಣ್ಣ ಮಾರ್ಗದಲ್ಲಿ ಹೆಸರು ಬರೆಸಿದೆ. ಎಂಜಿನ್ ಶೆಡ್ಡಿನ ಮುಂದೆ ಕಾಯುವವರ ಸಾಲು ಉದ್ದವಿತ್ತು. ಪಕ್ಕದ ಬೋಗಿ ಶೆಡ್ಡಿನವರು ಕೆಲಸಕ್ಕೆ ಜನ ಸಾಲದೆ ಪರದಾಡುತ್ತಿದ್ದರು. ಹಾಗಾಗಿ ಬೋಗಿಯ ಪಾಲಾದೆ. ಈಗ ಆ ಕಡೆಯಿಂದ ಕರೆ ಬಂದರೂ ಹೋಗುವ ಮನಸ್ಸಿಲ್ಲ. ಟಿಕೆಟ್ ಕೊಂಡವರು ಕೂರುವುದು ಬೋಗಿಯಲ್ಲಿ. ಎಂಜಿನ್ ಕೈಕೊಟ್ಟರೆ ಇನ್ನೊಂದು ಮಾರ್ಗದಿಂದ ಬಾಡಿಗೆಗೆ ತರಿಸಬಹುದು; ಸೋರುವ ಬೋಗಿಯಲ್ಲಿ ತೊಡೆ ಒದ್ದೆಯಾದವರನ್ನು ಮತ್ತೆ ಕರೆತರುವುದು ಕಷ್ಟ. ಇಷ್ಟಾದರೂ ದೇಣಿಗೆ ಎತ್ತಲು ಹೊರಟರೆ ಎಂಜಿನ್ನಿಗೆ ಧಾರಾಳವಾಗಿ ಬರುವ ಹಣ ಬೋಗಿಗೆ ತೊಟ್ಟಿಕ್ಕುತ್ತದೆ. ಈ ಬಗ್ಗೆ ನನಗಿರುವ ಸಿಟ್ಟನ್ನು ಮುಚ್ಚಿಡುವುದಿಲ್ಲ.

ಮುಚ್ಚಿಹೋಗಲಿದ್ದ ಮಾರ್ಗವನ್ನು ಹವ್ಯಾಸಿಗಳೇ ವಹಿಸಿಕೊಂಡು ನಡೆಸುವ ಪದ್ಧತಿಗೆ ದಾರಿ ತೋರಿಸಿದ್ದು ವೇಲ್ಸ್‌ನ ಟಾಲಿಲಿನ್ ರೈಲ್ವೆ. 1951ರ ಮೇ ತಿಂಗಳಲ್ಲಿ ಸ್ವಯಂಸೇವಕರು ಅಲ್ಲಿ ರೈಲು ಓಡಿಸಿದರು. ಸಸೆಕ್ಸ್‌ನ ಬ್ಲೂಬೆಲ್ ರೈಲ್ವೆ 1960ರಲ್ಲಿ ಶುರುವಾಯಿತು. 1968ರ ಆಗಸ್ಟ್‌ನಲ್ಲಿ ಬ್ರಿಟಿಷ್ ರೈಲು ಜಾಲದ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ನುಗಳ ದಿನಚರಿ ಓಟ ಮುಗಿದಾಗ ಜನ ಮುಗಿಬಿದ್ದು ಉಳಿಸಿದ್ದು ಎಂಜಿನ್ನುಗಳನ್ನು. ಮರದ ಬೋಗಿಗಳ ಗತಿ ಬೇರೆ. ಕಬ್ಬಿಣ ಬೇರ್ಪಡಿಸಲು ಎಷ್ಟನ್ನೋ ನಿಂತಲ್ಲೇ ಸುಟ್ಟರು. ಇನ್ನು ಕೆಲವನ್ನು ಬಹಳ ಹಿಂದೆಯೇ ಚಕ್ರ ಕಳಚಿ ಮಾರಿದ್ದರು. ಅವು ಹೊಲದಂಚಿನಲ್ಲಿ ಕೋಳಿಗೂಡಾಗಿ, ಉಗ್ರಾಣವಾಗಿ, ಕಡಲತೀರದಲ್ಲಿ ರಜೆಯ ಮನೆಯಾಗಿ ಉಳಿದುಕೊಂಡವು. ನಮ್ಮ ಶೆಡ್ಡಿಗೆ ಬಂದದ್ದೂ ಅಂಥದ್ದೇ ಒಂದು. ಮೇಲೊಂದು ತಗಡಿನ ಮಾಡು ಹೊದಿಸಿದ್ದರಿಂದ ಅದು ಬದುಕಿತ್ತು. ಅಡಿಚೌಕಟ್ಟು ಇರಲಿಲ್ಲ, ಹಳೆಯ ಪಾರ್ಸೆಲ್ ವ್ಯಾನ್ ಒಂದರ ಉಕ್ಕಿನ ಚೌಕಟ್ಟನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಬೆಸೆದು, ಅದರ ಮೇಲೆ ಕೂರಿಸಬೇಕಾಯಿತು.

ಬೋಗಿಯ ಶತ್ರು ನೀರು. ತುಕ್ಕು, ಶಿಲೀಂಧ್ರ, ಎದ್ದ ಬಣ್ಣ, ಸಡಿಲ ತಿರುಪು, ಎಲ್ಲದರ ಹಿಂದೆಯೂ ನೀರು ಬಂದ ದಾರಿಯೊಂದಿರುತ್ತದೆ. ಅದನ್ನು ಹುಡುಕದೆ ಮರ ಬದಲಿಸಿದರೆ ಹೊಸ ಮರವೂ ಕೊಳೆಯುತ್ತದೆ. ಬಾಗಿಲನ್ನೇ ನೋಡಿ. ಹಳೆಯ ಬೋಗಿಯ ಬಾಗಿಲಿನ ಗಾಜನ್ನು ಚರ್ಮದ ಪಟ್ಟಿ ಹಿಡಿದು ಎತ್ತಿ ಇಳಿಸಬೇಕು. ಇಳಿಸಿದಾಗ ಗಾಜು ಬಾಗಿಲಿನ ಎರಡು ಹಲಗೆಗಳ ನಡುವಿನ ಪೊಳ್ಳಿನಲ್ಲಿ ಕೂರುತ್ತದೆ. ಗಾಜಿನ ಮೇಲಿನ ಮಳೆನೀರೂ ಜೊತೆಗೇ ಇಳಿಯುತ್ತದೆ. ಅದು ಹರಿದುಹೋಗಲೆಂದು ತಳದಲ್ಲಿ ರಂಧ್ರಗಳಿವೆ. ಕಲ್ಲಿದ್ದಲ ಧೂಳು, ಒಣಗಿದ ಎಲೆ, ಟಿಕೆಟ್ ಚೂರು ಸೇರಿ ಅವು ಕಟ್ಟಿಕೊಳ್ಳುತ್ತವೆ. ಹೊರಗಿನಿಂದ ಬಣ್ಣ ಮಿರುಗುತ್ತಿರುವಾಗಲೇ ಒಳಗೆ ತಳದ ಅಡ್ಡಪಟ್ಟಿ ಮುಗಿದಿರುತ್ತದೆ. ನಾವು ದಬ್ಬಳ ಚುಚ್ಚಿ ನೋಡುತ್ತೇವೆ. ಗಟ್ಟಿ ಮರ ಮೊನೆಯಲ್ಲೇ ತಡೆಯುತ್ತದೆ. ಕೊಳೆತಲ್ಲಿ ಹಿಡಿಯವರೆಗೂ ಹೋಗುತ್ತದೆ. ಚುಚ್ಚುವ ಮೊದಲು ಕೊಡತಿಯಿಂದ ತಟ್ಟುವ ಅಭ್ಯಾಸವೂ ಇದೆ. ಮಂಕಾದ ಸದ್ದು ಕೇಳಿದಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕುತ್ತೇವೆ.

ಇಡೀ ಪಟ್ಟಿ ಕಿತ್ತು ಹೊಸದು ಹಾಕುವುದು ಸುಲಭ. ಹಾಗೆ ಮಾಡುತ್ತ ಹೋದರೆ ಕೊನೆಗೆ ಉಳಿಯುವುದು ಹಳೆಯ ಸಂಖ್ಯೆ ಹೊತ್ತ ಹೊಸ ಬೋಗಿ. ಆದ್ದರಿಂದ ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಹಳೆಯದನ್ನೂ ಹೊಸದನ್ನೂ ಓರೆಯಾಗಿ ಸೀಳಿ ಒಂದರ ಮೇಲೊಂದು ಕೂರಿಸಿ ಅಂಟಿಸುತ್ತೇವೆ. ಓರೆಯ ಉದ್ದ ಮರದ ದಪ್ಪದ ಎಂಟು ಪಟ್ಟಾದರೂ ಇರಬೇಕು. ಆಗ ಅಂಟು ಹಿಡಿಯಲು ಸಾಕಷ್ಟು ಮೈ ಸಿಗುತ್ತದೆ. ಈ ಕೆಲಸವನ್ನು ನನಗೆ ಕಲಿಸಿದವರು ದೋಣಿ ಕಟ್ಟಿ ನಿವೃತ್ತರಾದ ಹಿರಿಯರೊಬ್ಬರು. ಅವರು ಅಳತೆಪಟ್ಟಿಯನ್ನು ನಂಬುವವರಲ್ಲ. ದಶಕಗಟ್ಟಲೆ ನೆಲದ ಮೇಲೆ ಕೂತ ಬೋಗಿ ಎಲ್ಲೋ ಒಂದು ಕಡೆ ಜಗ್ಗಿರುತ್ತದೆ, ಎರಡು ಬಾಗಿಲ ಕಂಡಿಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ. ಪ್ರತಿ ಬಾಗಿಲನ್ನೂ ಅದರದೇ ಕಂಡಿಗೆ ಹಿಡಿದು ನೋಡಿ ಕೆತ್ತಬೇಕು, ಸಂಖ್ಯೆ ಹಾಕಬೇಕು. ಒಳಹಲಗೆ ತೆಗೆದಾಗ ಮೂಲ ಬಡಗಿಗಳು ಸೀಸದ ಕಡ್ಡಿಯಲ್ಲಿ ಬರೆದುಕೊಂಡ ಗುರುತುಗಳು ಕಂಡವು. ಅವರೂ ಪ್ರತಿ ಕಂಡಿಗೆ ಬೇರೆ ಬೇರೆ ಸಂಖ್ಯೆ ಹಾಕಿದ್ದರು!

1951ರಿಂದ ಬಳಕೆಗೆ ಬಂದ ಬ್ರಿಟಿಷ್ ರೈಲ್ವೆಯ ಮಾರ್ಕ್ 1 ಬೋಗಿಗಳದ್ದು ಉಕ್ಕಿನ ಮೈ. ಬಹಳಷ್ಟು ಪಾರಂಪರಿಕ ಮಾರ್ಗಗಳು ದಿನನಿತ್ಯ ನಿಂತಿರುವುದು ಇವುಗಳ ಮೇಲೆ. ಕಿಟಕಿಯ ಮೂಲೆ, ಬಾಗಿಲಿನ ತಳ, ಶೌಚಾಲಯದ ನೆಲ, ಇವು ತುಕ್ಕಿನ ತವರು. ಇವುಗಳಲ್ಲಿ ಕೆಲವಕ್ಕೆ ಒಳಗಡೆ ಉಸಿರಿಗೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಸಿಂಪಡಿಸಿದ್ದರು. ಅದನ್ನು ತೆಗೆಯುವುದು ಪರವಾನಗಿ ಪಡೆದವರ ಕೆಲಸ; ಅವರು ಶುದ್ಧವೆಂದು ಬರೆದುಕೊಡುವವರೆಗೆ ನಮ್ಮಲ್ಲಿ ಯಾರೂ ಆ ಬೋಗಿಯ ಒಂದು ತಿರುಪನ್ನೂ ಮುಟ್ಟುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸವಿರುವುದರಿಂದ ಒಣ ಉಪ್ಪುಕಾಗದ ಉಜ್ಜುವುದೂ ನಿಷಿದ್ಧ. ನೀರು ಹಾಕಿಯೇ ಉಜ್ಜಬೇಕು, ಮುಖಗವಸು ಇರಲೇಬೇಕು. ಬಣ್ಣ ಬಳಿಯುವುದರ ಬಗ್ಗೆ ಹೆಚ್ಚು ಹೇಳಲಾರೆ, ಅದು ಬೇರೆಯೇ ತಂಡದ ಗರ್ವ. ಅವರು ವಾರ್ನಿಷ್ ಹಚ್ಚುವ ದಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ, ನಮ್ಮನ್ನೆಲ್ಲ ಹೊರಗಟ್ಟಿ ಬಾಗಿಲು ಹಾಕಿಕೊಳ್ಳುತ್ತಾರೆ.

ಬೋಗಿ ಶೆಡ್ಡಿನಲ್ಲಿ ಕೈ ಪಳಗಿದ ಮೇಲೆ ಗಾರ್ಡ್ ಆಗುವ ತರಬೇತಿಗೂ ಸೇರಿದೆ. ವೈದ್ಯಕೀಯ ತಪಾಸಣೆ, ನಿಯಮ ಪುಸ್ತಕದ ಪರೀಕ್ಷೆ, ಅನುಭವಿ ಗಾರ್ಡ್ ಜೊತೆ ಓಡಾಟ, ಎಲ್ಲ ಮುಗಿದ ಮೇಲಷ್ಟೇ ಬಾವುಟ ಕೈಗೆ ಬರುತ್ತದೆ. ಸಂಬಳವಿಲ್ಲದ ಕೆಲಸವೆಂದು ನಿಯಮ ಸಡಿಲವಾಗುವುದಿಲ್ಲ. ಇಂಥ ಮಾರ್ಗಗಳಲ್ಲಿ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 25 ಮೈಲಿ, ಆದರೆ ಜನ ತುಂಬಿದ ರೈಲಿನ ಭಾರ ಭಾರವೇ.

ಹೊರಡುವ ಮೊದಲು ನಾನು ಎಂದೂ ಅವಸರಿಸದ ಕೆಲಸ ಬ್ರೇಕ್ ಪರೀಕ್ಷೆ. ರೈಲಿನ ಉದ್ದಕ್ಕೂ ಒಂದು ಕೊಳವೆ ಹೋಗಿರುತ್ತದೆ, ಬೋಗಿಗಳ ನಡುವೆ ರಬ್ಬರ್ ಕೊಳವೆಗಳು ಅದನ್ನು ಜೋಡಿಸುತ್ತವೆ. ಎಂಜಿನ್ನು ಅದರೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತದೆ. ನಿರ್ವಾತ 21 ಇಂಚು ಪಾದರಸದಷ್ಟಾದಾಗ ಬ್ರೇಕುಗಳು ಬಿಟ್ಟುಕೊಳ್ಳುತ್ತವೆ. ಎಲ್ಲಿಂದಲಾದರೂ ಗಾಳಿ ನುಗ್ಗಿದರೆ ಎಲ್ಲ ಬೋಗಿಗಳ ಬ್ರೇಕೂ ತಾನಾಗಿ ಹಿಡಿಯುತ್ತದೆ. ನಾನು ಹಿಂದಿನ ವ್ಯಾನಿನಲ್ಲಿ ನಿಂತು ನಿರ್ವಾತಮಾಪಕದ ಮುಳ್ಳು 21ಕ್ಕೆ ಏರುವುದನ್ನು ನೋಡಿ, ಕವಾಟ ತೆರೆದು ಗಾಳಿ ಬಿಡುತ್ತೇನೆ. ಎಂಜಿನ್ನಿನಲ್ಲಿ ಚಾಲಕರ ಮುಳ್ಳೂ ಬೀಳಬೇಕು. ಬಿದ್ದರೆ ಕೊಳವೆ ಕೊನೆಯವರೆಗೂ ಒಂದೇ ಎಂದು ಖಾತ್ರಿ.

ಇದಕ್ಕೊಂದು ಕಾರಣವಿದೆ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಬಳಿ ಮಕ್ಕಳೇ ಹೆಚ್ಚಾಗಿದ್ದ ವಿಹಾರದ ರೈಲೊಂದು ಏರು ಹತ್ತಲಾಗದೆ ನಿಂತಿತು. ಮುಂದಿನ ಕೆಲವು ಬೋಗಿಗಳನ್ನು ಮೊದಲು ಮೇಲೆ ಎಳೆದೊಯ್ಯೋಣವೆಂದು ಹಿಂದಿನವುಗಳಿಂದ ಬಿಡಿಸಿದರು. ಅದರಲ್ಲಿದ್ದ ನಿರ್ವಾತ ಬ್ರೇಕ್ ತದ್ವಿರುದ್ಧ ಬಗೆಯದು: ಕೊಳವೆ ಬೇರ್ಪಟ್ಟರೆ ಬಿಟ್ಟುಕೊಳ್ಳುವಂಥದ್ದು. ಹಿಂದಿನ ಬೋಗಿಗಳನ್ನು ತಡೆದದ್ದು ಗಾರ್ಡ್ ವ್ಯಾನಿನ ಕೈಬ್ರೇಕ್ ಮತ್ತು ಚಕ್ರಕ್ಕೆ ಕೊಟ್ಟ ಕಲ್ಲುಗಳು ಮಾತ್ರ. ಆ ಬೋಗಿಗಳು ಹಿಂದಕ್ಕೆ ಜಾರಿ ಹಿಂದಿನಿಂದ ಬರುತ್ತಿದ್ದ ರೈಲಿಗೆ ಬಡಿದವು. ಸುಮಾರು 80 ಮಂದಿ ಸತ್ತರು. ಅದೇ ವರ್ಷ ಸಂಸತ್ತು ಕಾನೂನು ತಂದು, ಪ್ರಯಾಣಿಕರ ರೈಲುಗಳಿಗೆ ತಾನಾಗಿ ಹಿಡಿಯುವ ಬ್ರೇಕನ್ನು ಕಡ್ಡಾಯ ಮಾಡಿತು. ಮುಳ್ಳು ಏರಲು ತಡವಾದಾಗ ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಗಡಿಯಾರ ನೋಡಿಕೊಂಡು ಗೊಣಗಿದರೆ ನಾನು ತಿರುಗಿಯೂ ನೋಡುವುದಿಲ್ಲ.

ಆಮೇಲೆ ರೈಲಿನ ಪಕ್ಕದಲ್ಲಿ ನಡೆಯುತ್ತ ಬಾಗಿಲ ಹಿಡಿಗಳನ್ನು ನೋಡುತ್ತೇನೆ. ಚಿಲಕ ಅರ್ಧಕ್ಕೆ ಕೂತಿದ್ದರೆ ಬಾಗಿಲು ಮುಚ್ಚಿದಂತೆಯೇ ಕಾಣುತ್ತದೆ, ಹಿಡಿ ಮಾತ್ರ ಕೊಂಚ ವಾರೆಯಾಗಿರುತ್ತದೆ. ಶೆಡ್ಡಿನ ಕೆಲಸ ಇಲ್ಲಿ ನೆರವಿಗೆ ಬರುತ್ತದೆ: ಯಾವ ಬಾಗಿಲು ಮಳೆಗೆ ಉಬ್ಬಿ ಮೊಂಡು ಹಿಡಿಯುತ್ತದೆ, ಯಾವುದನ್ನು ತುಸು ಎತ್ತಿ ತಳ್ಳಬೇಕು ಎಂಬುದು ಕೈಗೆ ಗೊತ್ತು. ಏಕಪಥದಲ್ಲಿ ಮುಂದಿನ ನಿಲ್ದಾಣದವರೆಗಿನ ಟೋಕನ್ (ಆ ಭಾಗದಲ್ಲಿ ಒಂದೇ ರೈಲು ಓಡಲೆಂದು ಕೊಡುವ ಅನುಮತಿಯ ಗುರುತು) ಚಾಲಕರ ಕೈ ಸೇರಿ, ಸಿಗ್ನಲ್ ಬಿದ್ದ ಮೇಲೆಯೇ ಹಸಿರು ಬಾವುಟ.

ನಮ್ಮೊಳಗಿನ ಜಗಳ ಮುಗಿಯದ ಜಗಳ. ನೂರು ವರ್ಷ ದಾಟಿದ ಬೋಗಿಯನ್ನು ಓಡಿಸಬೇಕೇ, ಇಲ್ಲವೇ ಬರೀ ನೋಡಲು ಇಡಬೇಕೇ? ಓಡಿದರೆ ಸವೆಯುತ್ತದೆ, ಸವೆದದ್ದು ಬದಲಾಗುತ್ತದೆ, ಮೂಲದ್ದು ಕರಗುತ್ತದೆ. ನನ್ನ ಮತ ಓಡಿಸುವ ಕಡೆಗೆ, ಒಂದು ಷರತ್ತಿನ ಮೇಲೆ: ಓಡದ ದಿನ ಅದು ಸೂರಿನಡಿ ಇರಬೇಕು. ವರ್ಷಗಟ್ಟಲೆ ದುರಸ್ತಿ ಮಾಡಿದ ಬೋಗಿಯನ್ನು ಬಯಲಿನ ಹಳಿಯ ಮೇಲೆ ಚಳಿಗಾಲ ಕಳೆಯಲು ಬಿಡುವುದೆಂದರೆ ಆ ದುಡಿಮೆಯನ್ನು ಮಳೆಗೆ ಕೊಟ್ಟಂತೆ. ಹೊಸ ಎಂಜಿನ್ ಬಾಯ್ಲರಿಗಿಂತ ಮೊದಲು ನಾಲ್ಕು ಬೋಗಿ ಹಿಡಿಸುವ ಶೆಡ್ ಕಟ್ಟಿ ಎಂದು ಪ್ರತಿ ವಾರ್ಷಿಕ ಸಭೆಯಲ್ಲೂ ಎದ್ದು ನಿಂತು ಹೇಳುತ್ತೇನೆ. ಈ ಸಲ ಅಡಿಪಾಯದ ನಕ್ಷೆ ಮೇಜಿನ ಮೇಲೆ ಬಂದಿದೆ. ಹಣ ಇನ್ನೂ ಬರಬೇಕು.